ಸುಮ್ಮನಿದ್ದರೂ ಅದೇ ರೇಟು

ಮಾರ್ಚ್ ೪, ಮಂಗಳವಾರ

ಮಟಮಟ ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಎರಡಕ್ಕೆ ನಿಲ್ಲಲಿಲ್ಲ. ಮೂರು, ನಾಲ್ಕು, ಐದು. ಪೂರಾ ರೇಟಿನ ಹೊತ್ತಿನಲ್ಲಿ ನಮ್ಮ ಮನೆಗೆ ಯಾರು ಫೋನು ಮಾಡುತ್ತಾರೆ? ಯಾರೋ ಹೋಗಿರಬೇಕು ಅಂದುಕೊಂಡೆ. ಪ್ಲಾಸ್ಟರು ಹಾಕಿದ ಕಾಲು ಎಳೆದುಕೊಂಡು, ಕುರ್ಚಿ ಹಿಡಿದು, ಗೋಡೆ ಹಿಡಿದು ಹೋಗಿ ಎತ್ತುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅಣ್ಣ ಅತ್ತಿಗೆ ಇಬ್ಬರಿಗೂ ಅತ್ತು ಮುಗಿಸಿದ್ದೆ.

ಅತ್ತಿಗೆ. "ಗಾಬರಿ ಆಗ್ಬೇಡ" ಅಂದರು. ಹಾಗೆ ಅಂದಮೇಲೆ ಗಾಬರಿಯಾಗದೆ ಇರುವುದು ಹೇಗೆ?

ಅಣ್ಣನ ಗಂಟಲಲ್ಲಿ ಗೆಡ್ಡೆ ಎದ್ದಿದೆಯಂತೆ. ಕೆಟ್ಟ ಗೆಡ್ಡೆ. ದನಿ ಹೊರಡಿಸುವ ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುತ್ತಾರೆ, ಈ ತಿಂಗಳು ದಾಟಿದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಅಣ್ಣ ಆಗಲ್ಲ ಅಂದುಬಿಟ್ಟಿದ್ದಾನಂತೆ.

"ನಾನು ಬಾಯಿ ತೆಗೆದ್ರೆ ಎದ್ದು ಹೋಗ್ತಾರೆ ಕಣೇ. ನೀನು ಹೇಳು. ಕೂತು ಕೇಳೋದು ಅಂದ್ರೆ ನಿನ್ನ ಮಾತೊಂದನ್ನೇ ಅವರು."

ಅಣ್ಣ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸು ಕೂಗುವವನು. ಆ ಊರಿನವರೆಲ್ಲ ಅವನನ್ನು ಮೈಕಣ್ಣ ಅನ್ನುತ್ತಾರೆ. ಅವನ ನಿಜವಾದ ಹೆಸರು ಪಡಿತರ ಅಂಗಡಿಯವನಿಗೂ ಮರೆತಿರಬೇಕು. ಅಂಥವನ ದನಿ ತೆಗೆಯುತ್ತಾರಂತೆ.

ಅರ್ಧ ವರ್ಷದಿಂದ ದನಿ ಒಡೆದಿತ್ತು ಅಂದರು ಅತ್ತಿಗೆ. ನನಗೇಕೆ ಗೊತ್ತಾಗಲಿಲ್ಲ? ಯಾಕೆಂದರೆ ಅಣ್ಣ ದಿನಾ ಸಂಜೆ ಎಂಟಕ್ಕೆ ಎರಡು ರಿಂಗು ಕೊಟ್ಟು ಇಟ್ಟುಬಿಡುತ್ತಾನೆ. ಎರಡು ಅಂದರೆ ‘ಚೆನ್ನಾಗಿದ್ದೀವಿ, ಎತ್ತಬೇಡ.’ ಮೂರು ಅಂದರೆ ‘ನೀನೇ ಫೋನ್ ಮಾಡು, ಮಾತಾಡೋದಿದೆ.’ ನಾನು ಮದುವೆಯಾಗಿ ಈ ಊರಿಗೆ ಬಂದಾಗ ದುಡ್ಡು ಉಳಿಯಲಿ ಎಂದು ಮಾಡಿಕೊಂಡ ಏರ್ಪಾಡು. ಇಷ್ಟು ವರ್ಷಗಳಲ್ಲಿ ಅವನು ಮೂರು ಕೊಟ್ಟದ್ದೇ ಇಲ್ಲ. ನಿನ್ನೆಯೂ ಎರಡೇ ಕೊಟ್ಟ. ನಾನು ‘ಸದ್ಯ’ ಎಂದುಕೊಂಡು ಮಲಗಿದೆ.

ರಿಂಗಿಗೆ ಗಂಟಲು ಒಡೆಯುವುದಿಲ್ಲ.

ಕಾಲು ಮುರಿದುಕೊಂಡು ಕೂತವಳಿಗೆ ಓದಲಿಕ್ಕೆ ಏನಾದರೂ ತಾ ಅಂದರೆ ನನ್ನ ಜೊತೆ ಕೆಲಸ ಮಾಡುವ ಇಸ್ತ್ರಿ ಅಕ್ಕ ಈ ಖಾಲಿ ಡೈರಿ ತಂದಿದ್ದಳು. "ತಲೆಯೊಳಗೆ ಇಟ್ಕೊಂಡು ಕುದೀಬೇಡ, ಇದಕ್ಕೆ ಸುರಿ" ಅಂದಿದ್ದಳು. ಸುರಿದಿದ್ದೇನೆ. ಕುದಿಯುವುದು ನಿಂತಿಲ್ಲ.

ಮಾರ್ಚ್ ೫, ಬುಧವಾರ

ಹೇಳಬೇಕಾದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಫೋನು ಮಾಡಿದೆ. ನಮ್ಮ ಹಳೇ ಕಂಪನಿ ಮೂರು ನಿಮಿಷದ ಲೆಕ್ಕದಲ್ಲಿ ಹಣ ಹಾಕುತ್ತದೆ. ಮೂರಕ್ಕಿಂತ ಒಂದು ಚೂರು ದಾಟಿದರೂ ಇನ್ನೊಂದು ಮೂರರ ದುಡ್ಡು.

"ಏನೇ ಗಾಬರಿ, ದುಡ್ಡು ಕೊಟ್ಟು ಫೋನ್ ಮಾಡಿದೀಯಾ? ಯಾರು ಸತ್ರು?"

ಅವನು ನನ್ನನ್ನು ಕರೆಯುವುದೇ ಗಾಬರಿ ಎಂದು. ಆದರೆ ಆ ದನಿ! ಜಲ್ಲಿಯ ಮೇಲೆ ತಗಡು ಎಳೆದ ಹಾಗೆ. ನನಗೆ ಬರೆದುಕೊಂಡದ್ದೆಲ್ಲ ಕಲಸಿಹೋಯಿತು.

"ಅಣ್ಣಾ, ಆಪರೇಷನ್ ಮಾಡಿಸ್ಕೋ."

"ಮೂರು ನಿಮಿಷದಲ್ಲಿ ನನ್ನ ಗಂಟಲು ಕೊಯ್ಯೋಣ ಅಂತ ಬಂದ್ಯಾ? ಡಾಕ್ಟರೇ ಅರ್ಧ ದಿನ ಬೇಕು ಅಂದಿದಾನೆ."

ತನ್ನ ಮಾತಿಗೆ ತಾನೇ ನಕ್ಕು ಕೆಮ್ಮಲು ಶುರುಮಾಡಿದ. ಕೆಮ್ಮು ನಿಲ್ಲಲೇ ಇಲ್ಲ. ಮುಳ್ಳು ಓಡುತ್ತಿತ್ತು. ಈ ಕೆಮ್ಮಿಗೂ ನಾನೇ ದುಡ್ಡು ಕೊಡುತ್ತಿದ್ದೇನಲ್ಲ ಎಂಬ ಯೋಚನೆ ಬಂತು. ಬಂದದ್ದನ್ನು ಬರೆದಿದ್ದೇನೆ, ಇಲ್ಲಿ ನೋಡುವವರು ಯಾರು. ಮೂರು ನಿಮಿಷಕ್ಕೆ ಸರಿಯಾಗಿ "ಇಡ್ತೀನಿ ಅಣ್ಣಾ, ಯೋಚನೆ ಮಾಡು" ಎಂದು ಇಟ್ಟೆ. ಇಟ್ಟ ಮೇಲೆ ಅವನು ಏನಾದರೂ ಹೇಳಲು ಹೊರಟಿದ್ದನೋ ಏನೋ ಎಂದು ಅನುಮಾನ ಶುರುವಾಯಿತು.

ಎದ್ದು ಹೋಗಿ ಅವನ ಎದುರು ಕೂರುವಂತೆಯೂ ಇಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ಸೋಪಿನ ನೀರಿಗೆ ಜಾರಿ ಬಿದ್ದ ದಿನವೇ ಮೂಳೆ ಡಾಕ್ಟರು ಹೇಳಿದ್ದರು, ಆರು ವಾರ ನೆಲಕ್ಕೆ ಕಾಲು ಊರಬೇಡಿ ಎಂದು. ಒಂದು ರಾತ್ರಿ ಪೂರಾ ಬಸ್ಸಿನಲ್ಲಿ ಕುಲುಕಿದರೆ ಕಾಲು ಹೋಯಿತು ಅಂದುಕೊಳ್ಳಿ ಅಂದರು. ಈಗ ಉಳಿದಿರುವುದು ಈ ಫೋನೊಂದೇ.

ಮಾರ್ಚ್ ೮, ಶನಿವಾರ

ಮೂರು ನಿಮಿಷದಲ್ಲಿ ಅಣ್ಣ ಒಪ್ಪುವ ಪೈಕಿಯಲ್ಲ. ದಿನಾ ಮಾತಾಡಬೇಕು. ದಿನಾ ಮಾತಾಡಬೇಕೆಂದರೆ ಅಗ್ಗದ ಕಂಪನಿ ಬೇಕು. ಇಸ್ತ್ರಿ ಅಕ್ಕ ಹೋಟೆಲಿನ ಮುಂದಿನ ಮೇಜಿನ ಮೇಲಿದ್ದ ಜಾಹೀರಾತು ಕಾಗದಗಳನ್ನು ಬಾಚಿಕೊಂಡು ಬಂದಳು. ಈಗ ಲೈನು ಹಳೇ ಕಂಪನಿಯದಾದರೂ ನಂಬರಿನ ಮುಂದೆ ನಾಲ್ಕು ಅಂಕಿ ಸೇರಿಸಿ ಒತ್ತಿದರೆ ಬೇರೆ ಕಂಪನಿಯ ಮೂಲಕ ಹೋಗುತ್ತದಂತೆ. ನೀಲಿ ಕಾಗದದ್ದು ಒಂದು, ಗಿಣಿ ಚಿತ್ರದ್ದು ಇನ್ನೊಂದು.

ಹಾಸಿಗೆ ತುಂಬ ಹರಡಿಕೊಂಡು ಕೂತೆ. ಎಲ್ಲದರಲ್ಲೂ ಚುಕ್ಕಿ. ನೀಲಿಯದು ನಿಮಿಷಕ್ಕೆ ಸೊನ್ನೆ ಚುಕ್ಕಿ ಎಪ್ಪತ್ತೈದು. ಗಿಣಿಯದು ಸೊನ್ನೆ ಚುಕ್ಕಿ ಎಂಟು. ನಮ್ಮ ತರಗತಿಯಲ್ಲಿ ಚುಕ್ಕಿ ಲೆಕ್ಕ ಶುರುವಾದ ವಾರವೇ ಅಮ್ಮ ಹೋದಳು. ಎರಡು ವರ್ಷ ಬಿಟ್ಟು ಅಣ್ಣ ನನ್ನನ್ನು ಮತ್ತೆ ಶಾಲೆಗೆ ನೂಕಿದಾಗ ಹುಡುಗಿಯರೆಲ್ಲ ಚುಕ್ಕಿ ದಾಟಿ ಎಲ್ಲೆಲ್ಲಿಗೋ ಹೋಗಿದ್ದರು. ಆಮೇಲೆ ನಾನೂ ಬಿಟ್ಟೆ.

ಎಪ್ಪತ್ತೈದು ಎಲ್ಲಿ, ಎಂಟು ಎಲ್ಲಿ. ಗಿಣಿಯೇ ಸರಿ ಎಂದು ಅದರ ನಾಲ್ಕು ಅಂಕಿಯನ್ನು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದೆ.

ಇವರು ಕೊಳಾಯಿ ಕೆಲಸ ಮುಗಿಸಿ ಬಂದವರು ಹಾಸಿಗೆ ನೋಡಿ, "ಏನಿದು, ಮನೇಲಿ ಚುನಾವಣೆ ನಡೀತಿದ್ಯಾ?" ಅಂದರು.

"ಅಣ್ಣನ ಜೀವದ ಪ್ರಶ್ನೆ, ನಿಮಗೆ ತಮಾಷೆ."

"ತಮಾಷೆ ಮಾಡ್ತಿಲ್ಲ ಮಾರಾಯ್ತಿ. ರೇಟು ನೋಡ್ತಾ ಮೂರು ದಿನ ಆಯ್ತಲ್ಲ, ಅಷ್ಟರಲ್ಲಿ ಒಂದ್ಸಲ ಫೋನ್ ಮಾಡಿದ್ರೆ ಆಗ್ತಿರಲಿಲ್ವಾ ಅಂತ ಕೇಳ್ದೆ."

ಇವರಿಗೆ ಇವೆಲ್ಲ ಅರ್ಥವಾಗುವುದಿಲ್ಲ.

ಮಾರ್ಚ್ ೧೦, ಸೋಮವಾರ

ಗಿಣಿ ಕಾಗದದ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರವಿತ್ತು. ಭೂತಗನ್ನಡಿ ಇಟ್ಟು ಓದಿದೆ. ‘ರಾಜ್ಯದ ಒಳಗಿನ, ಹೊರಗಿನ ಕರೆಗಳಿಗೆ ದರ ಬೇರೆ ಬೇರೆ.’ ಕಾಗದದಲ್ಲಿದ್ದ ಬಿಟ್ಟಿ ನಂಬರಿಗೆ ಫೋನು ಮಾಡಿದೆ. ಒಬ್ಬ ಹೆಂಗಸು ಎತ್ತಿದಳು. ಸಮಾಧಾನದ ದನಿ.

ಚುಕ್ಕಿ ಎಂಟು ಇರುವುದೇ ರಾಜ್ಯದೊಳಗೆ, ರಾಜ್ಯದ ಹೊರಗೆ ಮಾತಾಡಿದರೆ ಅದರ ಅರ್ಧ ಅಂದಳು.

"ಅದು ಹೇಗಮ್ಮಾ? ದೂರ ಹೋದಷ್ಟೂ ಅಗ್ಗವಾ?"

"ಹೌದು ಮೇಡಂ. ಎಲ್ಲಾ ಕಂಪನೀದೂ ಹಾಗೇನೇ. ಒಳಗಿನ ರೇಟಿಗೆ ನಿಯಮ ಬೇರೆ, ಹೊರಗಿನದಕ್ಕೆ ಬೇರೆ."

ಅಂದರೆ ಅಣ್ಣ ಗಡಿ ದಾಟಿ ಆಚೆ ಪರಕೀಯರ ನಡುವೆ ಇದ್ದಿದ್ದರೆ ಅರ್ಧ ದುಡ್ಡಿಗೆ ಸಿಗುತ್ತಿದ್ದ. ಇಷ್ಟು ಹತ್ತಿರ ಇರುವುದಕ್ಕೇ ದುಬಾರಿ. ಬಿಟ್ಟಿ ನಂಬರಲ್ಲವೇ, ಅವಸರವಿರಲಿಲ್ಲ, ಎಲ್ಲ ಹೇಳಿಕೊಂಡೆ. ಗೆಡ್ಡೆ, ಮೈಕು, ಎರಡು ರಿಂಗು, ಅಮ್ಮ ಹೋದಮೇಲೆ ಅಣ್ಣ ಮಗ್ಗಿ ಹೇಳಿಕೊಡುತ್ತಿದ್ದ ರೀತಿ. ಅವನು ಆಗಿನ್ನೂ ಮೀಸೆ ಮೂಡದ ಹುಡುಗ, ನಿಲ್ದಾಣದಲ್ಲಿ ಮೈಕು ಸಿಕ್ಕಿದ್ದ ಹೊಸತು. ಒಲೆ ಊದುವ ಕೊಳವೆಯನ್ನು ಬಾಯಿಗೆ ಹಿಡಿದು ಕೂಗುತ್ತಿದ್ದ: "ಪ್ರಯಾಣಿಕರ ಗಮನಕ್ಕೆ, ಏಳೆಂಟ್ಲ ಐವತ್ತಾರು ಇನ್ನೇನು ಹೊರಡಲಿದೆ. ಹತ್ತದವರು ಇಲ್ಲೇ ಉಳಿಯುತ್ತಾರೆ." ನಾನು ಹೋ ಎಂದು ನಕ್ಕು ಹತ್ತುತ್ತಿದ್ದೆ.

ಆ ಹೆಂಗಸು ಪೂರಾ ಕೇಳಿದಳು. ಕೊನೆಗೆ, "ಇದನ್ನೆಲ್ಲ ನಿಮ್ಮಣ್ಣಂಗೆ ಹೇಳಿದೀರಾ ಮೇಡಂ?" ಅಂದಳು.

ಮೂರು ನಿಮಿಷದಲ್ಲಿ ಏನೇನು ಹೇಳುವುದಕ್ಕಾಗುತ್ತದೆ?

ಮಾರ್ಚ್ ೧೧, ಮಂಗಳವಾರ

ಸಂಜೆ ಎಂಟಕ್ಕೆ ಎರಡು ರಿಂಗು. ಅಭ್ಯಾಸ ನೋಡಿ, ಕೈ ಎತ್ತಲೇ ಇಲ್ಲ. ಅದು ನಿಂತ ಮೇಲೆ ಸಿಟ್ಟು ನೆತ್ತಿಗೇರಿತು. ಗೊತ್ತಾದ ಮೇಲೂ ಎರಡು ಕೊಡುತ್ತಾನಲ್ಲ!

ಮಾರ್ಚ್ ೧೩, ಗುರುವಾರ

ಗಿಣಿ ಮೂಲಕ ಮಾಡಿದೆ. ಇಲ್ಲಿ ಮೂರರ ಲೆಕ್ಕವಿಲ್ಲ, ನಿಮಿಷದ ಲೆಕ್ಕ. ಆದರೂ ಕಣ್ಣು ಮುಳ್ಳಿನ ಮೇಲೆಯೇ.

"ಇನ್ಮೇಲೆ ಎರಡು ಹೊಡೀಬೇಡ ಅಣ್ಣಾ. ಸುಳ್ಳು ಹೊಡೆದ ಹಾಗೆ ಅದು."

"ಮತ್ತೆ ಮೂರು ಹೊಡೀಲಾ? ನನ್ನ ಬೆರಳಿಗೇ ಬರಲ್ವಲ್ಲೇ ಅದು."

"ಬಾಯಿಗೂ ಬರಲ್ಲ ನಿನಗೆ. ಅಮ್ಮ ಹೋದಾಗ ಅಳಲಿಲ್ಲ, ಕೆಲಸ ಹೋಗೋ ಹಾಗಿದ್ದಾಗ ಹೇಳಲಿಲ್ಲ. ನನ್ನ ಕಂಡ್ರೆ ಅಷ್ಟು ಸದರವಾ?"

"ಹೇಳಿದ್ರೆ ನೀನು ನಿದ್ದೆ ಬಿಟ್ಟು ಕೂರ್ತೀಯ. ನಿನ್ನ ನಿದ್ದೆ ಕಾಯೋದೇ ನನಗೆ ಅರ್ಧ ಆಯಸ್ಸು ಆಯ್ತು."

ಜಗಳವಾಯಿತು. ಅವನೇ ಇಟ್ಟ. ಒಪ್ಪಲಿಲ್ಲ.

ಮಾರ್ಚ್ ೧೬, ಭಾನುವಾರ

ಅತ್ತಿಗೆ ಅಂಗಡಿಗೆ ಹೋಗುವ ನೆವ ಮಾಡಿ ಹೊರಗಿನ ಫೋನಿನಿಂದ ಮಾತಾಡಿದರು. ಅಣ್ಣ ಈಗಲೂ ದಿನಾ ಕೆಲಸಕ್ಕೆ ಹೋಗುತ್ತಿದ್ದಾನಂತೆ. ನಿನ್ನೆ ಅವನು ಕೂಗಿದ್ದು ಕೇಳಿಸದೆ ಒಬ್ಬ ಮುದುಕಿಗೆ ಬಸ್ಸು ತಪ್ಪಿತಂತೆ. ಆ ದಿನಕ್ಕೆ ಆ ಊರಿಗೆ ಅದೇ ಕೊನೆ ಬಸ್ಸು. ಮುದುಕಿ ಮೈಕಿನ ಕೋಣೆಯ ಕಿಟಕಿಗೆ ಬಂದು, "ಇಲ್ಲಿ ಕೂಗೋನು ಒಬ್ಬ ಇದ್ನಲ್ಲಪ್ಪ, ಚೆನ್ನಾಗಿ ಕೂಗ್ತಿದ್ದ, ಅವನೆಲ್ಲಿ ಹೋದ?" ಎಂದು ಇವನನ್ನೇ ಕೇಳಿದಳಂತೆ.

ಅಣ್ಣ ಏನು ಹೇಳಿದ ಎಂದು ಕೇಳಿದೆ.

"‘ರಜೆ ಮೇಲಿದಾನಜ್ಜಿ’ ಅಂದ್ರಂತೆ. ಆಮೇಲೆ ತಾವೇ ಅವಳನ್ನ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದ್ರು. ಮನೆಗೆ ಬಂದು ಊಟ ಮಾಡ್ಲಿಲ್ಲ."

ನನಗೂ ಇವತ್ತು ಇಳಿಯಲಿಲ್ಲ.

ಮಾರ್ಚ್ ೧೭, ಸೋಮವಾರ

ಇವತ್ತು ಬರೆದುಕೊಳ್ಳದೆ ಫೋನು ಮಾಡಿದೆ. ಮುದುಕಿಯ ವಿಷಯ ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಕಾಲು ಕೆರೆಯುತ್ತದೆ, ಪ್ಲಾಸ್ಟರಿನೊಳಗೆ ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೇನೆ ಅಂದೆ. ಕಡ್ಡಿ ಒಳಗೇ ಬಿಟ್ಟೀಯ ಹುಷಾರು ಅಂದ. ಆಮೇಲೆ ಯಾಕೆ ಬೇಡ ಅನ್ನುತ್ತಿ, ಹೆದರಿಕೆಯಾ ಎಂದು ಕೇಳಿಯೇಬಿಟ್ಟೆ.

ತುಂಬ ಹೊತ್ತು ಉಸಿರು ಮಾತ್ರ ಕೇಳಿಸಿತು.

"ಸಾಯೋಕೆ ಹೆದರಿಕೆ ಇಲ್ಲ ಕಣೇ. ಇದ್ದೂ ಇಲ್ದಂಗೆ ಆಗ್ತೀನಲ್ಲ, ಅದಕ್ಕೆ. ನಿಮ್ಮತ್ತಿಗೆ ಎದುರಿಗೆ ಇರ್ತಾಳೆ, ಅವಳಿಗೆ ಕೈ ತೋರಿಸಿ ಹೇಳ್ಬಹುದು. ನಿನಗೆ ಏನು ತೋರಿಸ್ಲಿ? ನೀನು ಇರೋದು ಈ ತಂತಿಯ ಆ ತುದೀಲಿ." ಆಮೇಲೆ ಅಂದ, "ರೇಟೆಲ್ಲ ವಿಚಾರಿಸ್ತಿದೀಯಂತಲ್ಲ, ಇದನ್ನೂ ವಿಚಾರಿಸು. ಫೋನ್ ಹಿಡ್ಕೊಂಡು ಸುಮ್ಮನೆ ಕೂರೋನಿಗೆ ನಿನ್ನ ಗಿಣಿ ಎಷ್ಟು ಕೇಳತ್ತೆ?"

ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ. ವಿಚಾರಿಸುತ್ತೇನೆ ಅಂದೆ.

ಮಾರ್ಚ್ ೧೮, ಮಂಗಳವಾರ

ಬಿಟ್ಟಿ ನಂಬರಿಗೆ ಮಾಡಿದಾಗ ಅದೇ ಹೆಂಗಸು ಸಿಕ್ಕಿದಳು. "ಸುಮ್ಮನಿದ್ದರೆ ಎಷ್ಟು?" ಅಂದೆ.

"ಅಂದ್ರೆ ಮೇಡಂ?"

"ಆ ಕಡೆಯವರು ಮಾತಾಡದೆ ಸುಮ್ಮನಿದ್ದರೆ. ಅದಕ್ಕೇನಾದರೂ ಕಮ್ಮಿ ರೇಟು ಇದೆಯಾ?"

ಇಪ್ಪತ್ತು ವರ್ಷ ಫೋನಿನ ಕೆಲಸ ಮಾಡಿದ್ದೇನೆ, ಇದನ್ನು ಇವತ್ತಿನವರೆಗೂ ಯಾರೂ ಕೇಳಿರಲಿಲ್ಲ ಅಂದಳು. ಆಮೇಲೆ ಅವಳಿಗೆ ಅಣ್ಣನ ನೆನಪಾಯಿತೋ ಏನೋ, ದನಿ ತಗ್ಗಿಸಿದಳು. "ಸುಮ್ಮನಿದ್ರೂ ಅದೇ ರೇಟು ಮೇಡಂ. ನಮ್ಮ ಯಂತ್ರಕ್ಕೆ ಮಾತು ಗೊತ್ತಾಗಲ್ಲ. ಎರಡೂ ಕಡೆ ಎತ್ತಿ ಹಿಡಿದಿದಾರಾ ಅನ್ನೋದಷ್ಟೇ ಗೊತ್ತು."

ಕೂಡಲೇ ಅಣ್ಣನಿಗೆ ಮಾಡಿದೆ. ಬೆಳಗಿನ ಪಾಳಿ ಬಿಟ್ಟು ಮನೆಯಲ್ಲೇ ಇದ್ದ.

"ಅಣ್ಣಾ, ವಿಚಾರಿಸಿದೆ. ಸುಮ್ಮನಿದ್ರೂ ಅದೇ ರೇಟಂತೆ. ರಿಯಾಯಿತಿ ಇಲ್ಲ."

"ನಿಜವಾಗ್ಲೂ ಕೇಳ್ದ್ಯಾ?"

"ಕೇಳಿದೆ. ಮಾತಿಗೆ ಎಷ್ಟೋ ನೀನು ಸುಮ್ಮನಿರೋದಕ್ಕೂ ಅಷ್ಟೇ. ಅಷ್ಟನ್ನೂ ಕೊಡ್ತೀನಿ. ನೀನು ಎತ್ತಿ ಹಿಡ್ಕೊಂಡ್ರೆ ಸಾಕು, ಆ ಯಂತ್ರಕ್ಕೂ ಅಷ್ಟೇ ಸಾಕಂತೆ."

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಂತಿತು, ಆಮೇಲೆ ಏನೂ ಇಲ್ಲ. ನಾನು ಹಿಡಿದುಕೊಂಡೇ ಇದ್ದೆ. ಹೊರಗೆ ಹಾಲಿನ ಗಾಡಿ ಬಂದು ಬಾಟಲಿ ಇಳಿಸಿ ಹೋಯಿತು. ಎದುರು ಮನೆಯವರು ಒಂದು ಬಕೆಟ್ಟು ಬಟ್ಟೆ ಹಿಂಡಿ, ಕೊಡವಿ, ಒಣಗಹಾಕಿ ಒಳಗೆ ಹೋದರು.

"ಗಾಬರಿ, ಇದೀಯಾ?"

"ಇದೀನಿ."

"ನಿಮ್ಮತ್ತಿಗೆಗೆ ಕೊಡ್ತೀನಿ. ಡಾಕ್ಟರಿಗೆ ಏನು ಹೇಳ್ಬೇಕೋ ಅವಳಿಗೆ ಹೇಳು."

ಮಾರ್ಚ್ ೧೯, ಬುಧವಾರ

ಒಪ್ಪಿದ್ದಾನೆ. ಮುಂದಿನ ಮಂಗಳವಾರ ಆಪರೇಷನ್ನು. ಒಪ್ಪುವವರೆಗೆ ಒಪ್ಪಲಿಲ್ಲವಲ್ಲ ಎಂದು ಹೆದರುತ್ತಿದ್ದೆ. ಈಗ ಒಪ್ಪಿಸಿಬಿಟ್ಟೆನಲ್ಲ ಎಂದು. ಮೇಜಿನ ಮೇಲೇ ಏನಾದರೂ ಆದರೆ ಅದಕ್ಕೆ ನಾನೇ ಕಾರಣ.

ಇವರು ಹೇಳಿದರು, "ನಿನಗೆ ಹೆದರಿಕೆಗೆ ಒಂದು ಕಾರಣ ಕಮ್ಮಿ ಆದ್ರೆ ಎರಡು ತಂದು ಕೊಡೋ ಅಂಗಡಿ ಎಲ್ಲಾದ್ರೂ ಇದೆಯಾ ನೋಡ್ತೀನಿ." ಹೇಳಿ, ನನ್ನ ಕಾಲಿನ ಕೆಳಗೆ ಇನ್ನೊಂದು ದಿಂಬು ಇಟ್ಟರು.

ಮಾರ್ಚ್ ೨೩, ಭಾನುವಾರ

ನಾಳೆ ಆಸ್ಪತ್ರೆಗೆ ಸೇರುತ್ತಾನೆ. ದನಿ ಇರುವಾಗ ಇದೇ ಕೊನೆ. ಏನು ಮಾತಾಡುವುದು? ಬೆಳಗಿನಿಂದ ಅದನ್ನೇ ಯೋಚಿಸಿದೆ. ದೊಡ್ಡ ಮಾತೆಲ್ಲ ಬಾಯಿಗೆ ಬಂದರೆ ನಾನು ಅಳುತ್ತೇನೆ. ನಾನು ಅತ್ತರೆ ಅವನು ಆಸ್ಪತ್ರೆಗೆ ಹೋಗುವುದಿಲ್ಲ.

ಕೊನೆಗೆ ಅವನೇ, "ಯಾವ ಕಂಪನೀಲಿ ಮಾಡಿದೀಯ?" ಎಂದು ಕೇಳಿದ.

"ಗಿಣಿ. ಚುಕ್ಕಿ ಎಂಟು. ನೀಲಿಯವರು ಚುಕ್ಕಿ ಎಪ್ಪತ್ತೈದು ಕೇಳ್ತಾರೆ, ದರೋಡೆ."

"ಅಯ್ಯೋ ದಡ್ಡಿ" ಅಂದ. "ಚುಕ್ಕಿ ಎಂಟೇ ದೊಡ್ಡದು ಕಣೇ."

"ಎಂಟು ಹೇಗೆ ಎಪ್ಪತ್ತೈದಕ್ಕಿಂತ ದೊಡ್ಡದಾಗತ್ತೆ?"

"ಇರು." ಗಂಟಲು ಸರಿ ಮಾಡಿಕೊಂಡ. ಆಮೇಲೆ ಬಂತು ನೋಡಿ, ಒಡೆದ ಗಂಟಲಲ್ಲೇ, ಮೈಕಿನ ರಾಗದಲ್ಲಿ: "ಪ್ರಯಾಣಿಕರ ಗಮನಕ್ಕೆ! ಹತ್ತು ಸೀಟಿನ ಬಸ್ಸು ಬಂದು ನಿಂತಿದೆ. ಚುಕ್ಕಿ ಎಂಟು ಅಂದ್ರೆ ಎಂಟು ಸೀಟು ಭರ್ತಿ. ಚುಕ್ಕಿ ಎಪ್ಪತ್ತೈದು ಅಂದ್ರೆ ಏಳು ಜನ, ಮಡಿಲಲ್ಲೊಂದು ಅರ್ಧ ಟಿಕೆಟ್ಟು. ಈಗ ಹೇಳು, ಯಾವ ಬಸ್ಸು ಜಾಸ್ತಿ ತುಂಬಿದೆ?"

"ಎಂಟು."

"ಹತ್ತಿದ್ಯಾ?"

"ಹತ್ತಿದೆ."

ಚುಕ್ಕಿ ಎಂದರೆ ಇಷ್ಟೇನಾ. ಇಷ್ಟು ವರ್ಷ ಅದಕ್ಕೆ ಹೆದರಿದ್ದೆ. ಚುಕ್ಕಿ ಒಂಬತ್ತು, ಚುಕ್ಕಿ ಸೊನ್ನೆ ಒಂಬತ್ತು, ಎಲ್ಲ ಕೇಳಿದೆ. ಎಲ್ಲವನ್ನೂ ಬಸ್ಸಿನಲ್ಲಿ ಕೂರಿಸಿ ತೋರಿಸಿದ. ಚುಕ್ಕಿ ಸೊನ್ನೆ ಒಂಬತ್ತು ಅಂದರೆ ಬಸ್ಸಿನಲ್ಲಿ ಒಂದು ಸೀಟೂ ಪೂರ್ತಿ ತುಂಬಿಲ್ಲ, ಡ್ರೈವರು ಅಳುತ್ತಿದ್ದಾನೆ ಅಂದ. ಅತ್ತಿಗೆ ಹಿಂದಿನಿಂದ ನಗುವುದು ಕೇಳಿಸಿತು. ನಡುನಡುವೆ ದನಿ ಪೂರಾ ಹೋಗಿ ಗಾಳಿ ಮಾತ್ರ ಬರುತ್ತಿತ್ತು, ಆಗ ನಾನು ಕಾಯುತ್ತಿದ್ದೆ. ಒಲೆ ಮೇಲಿಟ್ಟಿದ್ದ ಹಾಲು ಉಕ್ಕಿ ಒಲೆ ಆರಿ ಹೋಗಿತ್ತು. ಇವರು ಬಂದು ಒರೆಸಿದರು.

ಕೊನೆಯಲ್ಲಿ "ಸರಿ, ಗಾಬರಿ" ಅಂದ. ಅಷ್ಟೇ.

ಈಗ ಹೊಳೆಯಿತು, ಗಿಣಿ ದುಬಾರಿ ಎಂದು ಅವನು ಹೇಳಿದ ಮೇಲೂ ನಾವು ಇಟ್ಟು ನೀಲಿಯಲ್ಲಿ ಮತ್ತೆ ಮಾಡಲಿಲ್ಲ.

ಮಾರ್ಚ್ ೨೫, ಮಂಗಳವಾರ

ಕಾಯುತ್ತಿದ್ದೇನೆ.

ಸಂಜೆ. ಅತ್ತಿಗೆ ಮಾಡಿದರು. ಆಯಿತಂತೆ. ಉಸಿರಾಡುತ್ತಿದ್ದಾನೆ. ಕತ್ತಿನಲ್ಲಿ ತೂತು ಮಾಡಿದ್ದಾರೆ, ಇನ್ನು ಉಸಿರೆಲ್ಲ ಅದರಿಂದಲೇ.

ಏಪ್ರಿಲ್ ೬, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಅಣ್ಣ ಮನೆಗೆ ಬಂದು ಮೂರು ದಿನವಾಯಿತು. ಗೆಡ್ಡೆ ಪೂರಾ ಹೊರಗೆ ಬಂದಿದೆ, ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಅಂದಿದ್ದಾರೆ. ಆದರೆ ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಾನಂತೆ. ಬರೆದು ಹೇಳಲಿ ಎಂದು ಅತ್ತಿಗೆ ಸ್ಲೇಟು ತಂದಿಟ್ಟರೆ ಮಂಚದ ಕೆಳಗೆ ತಳ್ಳಿದನಂತೆ.

ನಾನು ದಿನಾ ಫೋನು ಮಾಡುತ್ತೇನೆ. ಅತ್ತಿಗೆ ಎತ್ತುತ್ತಾರೆ. "ತಗೊಳ್ರೀ, ನಿಮ್ಮ ತಂಗಿ" ಅನ್ನುವುದು ಕೇಳಿಸುತ್ತದೆ. ಆಮೇಲೆ ಮಂಚ ಕಿರ್ ಅನ್ನುತ್ತದೆ, ಅವನು ಆ ಕಡೆ ಮಗ್ಗುಲಾಗುವುದು. "ಇವತ್ತು ಬೇಡವಂತೆ ಕಣೇ" ಅನ್ನುತ್ತಾರೆ ಅತ್ತಿಗೆ.

ಎಂಟು ಗಂಟೆಗೆ ಎರಡು ರಿಂಗೂ ಇಲ್ಲ. ಸುಳ್ಳೋ ನಿಜವೋ, ಅದಾದರೂ ಬರುತ್ತಿತ್ತು.

ಜೀವ ಉಳಿಸಿ ಮನುಷ್ಯನನ್ನು ಕಳೆದುಬಿಟ್ಟೆನೇ?

ಏಪ್ರಿಲ್ ೮, ಮಂಗಳವಾರ

ಇಸ್ತ್ರಿ ಅಕ್ಕ ಬಂದಿದ್ದಳು. ಲಾಂಡ್ರಿಯಲ್ಲಿ ನನ್ನ ಜಾಗದಲ್ಲಿ ನಿಂತವಳು ಹಾಸುಗಳಿಗೆಲ್ಲ ಕಂದು ಗುರುತು ಬೀಳಿಸುತ್ತಿದ್ದಾಳಂತೆ, ಬೇಗ ಬಾ ಅಂದಳು. ಇನ್ನೊಂದು ಹೊಸ ಕಂಪನಿಯ ಕಾಗದ ತಂದಿದ್ದಳು, ಆನೆ ಚಿತ್ರದ್ದು. "ನೋಡೇ, ನಿನಗೆ ಅಂತ ತಂದೆ, ರಾಜ್ಯದೊಳಗೆ ಭಾರಿ ಅಗ್ಗ ಅಂತೆ."

ಅಲ್ಲಿಡು ಅಂದೆ. ಅವಳು ಹೋದ ಮೇಲೆ ಇವರು ಅದರಲ್ಲಿ ಚಪ್ಪಲಿ ಸುತ್ತಿಟ್ಟರು.

ಏಪ್ರಿಲ್ ೧೦, ಗುರುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಇವರಿಗೂ ಇವತ್ತು ಕೆಲಸವಿರಲಿಲ್ಲ. ಫೋನು ಹೊಡೆದುಕೊಂಡಿತು. ಒಂದು. ಎರಡು. ತುತ್ತು ಕೈಯಲ್ಲೇ ನಿಂತಿತು. ಮೂರು.

ನಿಂತುಹೋಯಿತು.

"ಯಾರೋ ತಪ್ಪಿ ಮಾಡಿರ್ಬೇಕು, ಊಟ ಮಾಡು" ಅಂದರು ಇವರು. ನಾನು ಎಂಜಲು ಕೈಯಲ್ಲೇ ಕುರ್ಚಿ ಹಿಡಿದು, ಗೋಡೆ ಹಿಡಿದು ಹೋಗಿ ನೇರ ಅಣ್ಣನ ನಂಬರು ಒತ್ತಿದೆ. ಅತ್ತಿಗೆ ಎತ್ತಿದರು.

"ಅತ್ತಿಗೆ, ಈಗ..."

"ಹೂಂ ಕಣೇ, ಅವರೇ." ಅತ್ತಿಗೆ ಪಿಸುಗುಟ್ಟುತ್ತಿದ್ದರು, ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಎದ್ದು ಬಂದು ತಾವೇ ನಂಬರ್ ಒತ್ತಿದ್ರು. ಬೆರಳು ಮಡಚಿ ಎಣಿಸಿ ಇಟ್ರು. ಇಟ್ಟು ಇಲ್ಲೇ ನಿಂತಿದಾರೆ, ನೀನು ಮಾಡ್ತೀಯೋ ಇಲ್ವೋ ಅಂತ. ಕೊಡ್ತೀನಿ ತಾಳು. ಬಾಯಿಗಲ್ಲ ರೀ, ಕತ್ತಿನ ಹತ್ರ ಹಿಡ್ಕೊಳ್ಳಿ, ಅಲ್ಲಿ. ಹಾಂ."

ಆಮೇಲೆ ಉಸಿರು. ಮೊದಲಿನ ಉಸಿರಿನ ಹಾಗಲ್ಲ. ಕಿರಿದಾದ ಬಾಯಿಯ ಸೀಸೆಗೆ ಗಾಳಿ ಹೋಗಿ ಬರುವ ಹಾಗೆ. ಒಳಗೆ, ಹೊರಗೆ.

"ಅಣ್ಣಾ" ಅಂದೆ.

ಉಸಿರು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು, ಸ್ವಲ್ಪ ಜೋರಾಗಿ.

ಮುಂದಿನ ವಾರ ಪ್ಲಾಸ್ಟರು ಬಿಚ್ಚುತ್ತಾರೆ, ಬಿಚ್ಚಿದ ದಿನವೇ ಬಸ್ಸು ಹತ್ತುತ್ತೇನೆ ಎಂದು ಹೇಳಬೇಕೆಂದಿದ್ದೆ. ಆಮೇಲೆ ಹೇಳಿದರಾಯಿತು. ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಕೂತೆ. ಆ ಕಡೆ ಯಾವುದೋ ಬಾಗಿಲು ಹಾಕಿಕೊಂಡ ಸದ್ದು. ದೂರದಲ್ಲಿ ಬಸ್ಸಿನ ಹಾರನ್ನು. ಕೈಯ ಅನ್ನ ಒಣಗಿ ಬೆರಳಿಗೆ ಅಂಟಿಕೊಂಡಿತು.

ಇವರು ತಟ್ಟೆಗೆ ತಟ್ಟೆ ಮುಚ್ಚಿಟ್ಟು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿದರು, ಗಡಿಯಾರ ನೋಡಿದರು. "ಆ ನಾಲ್ಕು ಅಂಕಿ ಒತ್ತಲೇ ಇಲ್ಲ ನೀನು. ಪೂರಾ ಹಗಲು ರೇಟು. ಏನಂತೆ, ಯಾರೂ ಮಾತಾಡೋ ಹಾಗೆ ಕಾಣಲ್ಲ?"

ನಾನು ಫೋನಿಗೆ ಕೈ ಅಡ್ಡ ಹಿಡಿದೆ.

"ಸ್ವಲ್ಪ ಸುಮ್ಮನಿರ್ರೀ. ಅಣ್ಣ ಮಾತಾಡ್ತಿದಾನೆ."